ಕೂಡಿಸದ ವಾಯರಿನಲ್ಲಿ ಬಂದ ಮಾತು

ಕಿವಿಗೆ ಬೀಳುವ ಪ್ರತಿ ಧ್ವನಿಗೂ ಎಲ್ಲೋ ಒಂದು ಮೂಲ ಇರಲೇಬೇಕು; ಈ ಲೋಕದ ವ್ಯವಸ್ಥೆ ನಿಂತಿರುವುದೇ ಆ ನಿಯಮದ ಮೇಲೆ. ಕೊಪ್ಪಳದ ಪಕ್ಕದ ಭಾಗ್ಯನಗರದ ನನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಮೂವತ್ತು ವರ್ಷ ಇದನ್ನೇ ಗಿರಾಕಿಗಳಿಗೆ ಬೋಧಿಸಿದ್ದೇನೆ, ಹೆಚ್ಚಾಗಿ ನನ್ನಿಂದ ರಿಪೇರಿಯಾಗದ ಸೆಟ್ಟನ್ನು ವಾಪಸು ಕೊಡುವಾಗ. ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಆದ್ದರಿಂದ ಕೆಲವು ವರ್ಷಗಳ ಹಿಂದೆ ತುಂಗಭದ್ರೆಯ ಹಿನ್ನೀರಿನಲ್ಲಿ ನಡೆದ ಈ ಸಂಗತಿಯನ್ನು ಓದಿ ನೀವು ನಕ್ಕರೆ ನನ್ನ ತಕರಾರಿಲ್ಲ.

ಯಮನೂರಪ್ಪ ಹುಟ್ಟಿದಾಗಿನಿಂದ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿದವನು. ಆ ವರ್ಷ ಕರಾವಳಿಯಿಂದ ಒಂದು ಹಳೆಯ ಮೋಟಾರು ದೋಣಿ ತಂದು, ಬಂದವರನ್ನು ನೀರಿನ ಮೇಲೆ ಸುತ್ತಾಡಿಸುವ ಧಂದೆ ಶುರು ಮಾಡಿದ್ದ. ದೋಣಿಯ ಜೊತೆ ಸಮುದ್ರದಲ್ಲಿ ಬಳಸುವ ಎರಡು ವಾಯರ್‌ಲೆಸ್ ಸೆಟ್ಟುಗಳೂ ಬಂದಿದ್ದವು. ಒಂದು ದೋಣಿಯಲ್ಲಿ, ಇನ್ನೊಂದು ದಡದ ಶೆಡ್ಡಿನಲ್ಲಿ. ಸಮುದ್ರವನ್ನು ಭೂಗೋಳದ ಪುಸ್ತಕದಲ್ಲಷ್ಟೇ ಕಂಡ ಕೊಪ್ಪಳ ಜಿಲ್ಲೆಗೆ ಇದೇನು ಸಣ್ಣ ಗೌರವವಲ್ಲ. ದೋಣಿಯ ಸೆಟ್ಟಿನೊಳಗಿನ ಸ್ಪೀಕರನ್ನು ಮಾತ್ರ ಉಪ್ಪುನೀರು ತಿಂದುಹಾಕಿತ್ತು. ಚಾಲಕನ ಸೀಟಿನ ಎರಡೂ ಬದಿಗೆ ಹಾಡಿನ ಸ್ಟೀರಿಯೋಗೆಂದು ಹೊಸ ಸ್ಪೀಕರುಗಳಿದ್ದವು. ಹಾಡಿಗೂ ವಾಯರ್‌ಲೆಸ್ಸಿಗೂ ಅವೇ ಆಗಲಿ ಎಂದು ಯಮನೂರಪ್ಪ ನನ್ನನ್ನು ಕರೆಸಿದ.

"ಹಾಡ ಇದ್ರ ಮಂದಿ ಬರ್ತಾರ ಕಾಕಾ," ಎಂದ. "ವಾಯರ್‌ಲೆಸ್ ಏನ್ರಿ, ದಡದಾಗಿಂದ ಉಣ್ಣಾಕ ಬಾ ಅನ್ನಾಕ ಅಷ್ಟ."

ಎರಡು ಯಂತ್ರಗಳನ್ನು ನೇರವಾಗಿ ಒಂದೇ ಸ್ಪೀಕರಿಗೆ ಕಟ್ಟಿದರೆ ಒಂದು ಇನ್ನೊಂದನ್ನು ಸುಡುತ್ತದೆ; ಒಂದೇ ಅಡುಗೆಮನೆಗೆ ಇಬ್ಬರು ಅತ್ತೆಯರನ್ನು ಬಿಟ್ಟ ಹಾಗೆ. ನಡುವೆ ಸ್ವಿಚ್ಚು ಬೇಕು. ಮೇಲೆ ಮಾಡಿದರೆ ಹಾಡು, ಕೆಳಗೆ ಮಾಡಿದರೆ ವಾಯರ್‌ಲೆಸ್. ನನ್ನ ಹೆಂಡತಿ ಈರಮ್ಮ, ತಾವರಗೇರಾದಿಂದ ಬಂದಿದ್ದ ಅವಳ ತಂಗಿ, ಇಬ್ಬರೂ ನೀರು ನೋಡುತ್ತೇವೆಂದು ಜೊತೆಗೆ ಬಂದಿದ್ದರು. ಸಂಜೆಯ ಹೊತ್ತಿಗೆ ಹಾಡಿನ ಕಡೆಯ ಕೆಲಸ ಮುಗಿಯಿತು. ವಾಯರ್‌ಲೆಸ್ಸಿನ ಎರಡು ವಾಯರುಗಳ ತುದಿಗೆ ಬೇರೆಬೇರೆಯಾಗಿ ಟೇಪು ಸುತ್ತಿ ಇಳಿಬಿಟ್ಟು, ತಾಮ್ರದ ಬೆಸುಗೆ ಕೋಲನ್ನು ಕಾಯಿಸಲು ಶೆಡ್ಡಿನ ಪಕ್ಕದಲ್ಲಿದ್ದ ಹುಲಿಗೆವ್ವನ ಚಹಾದ ಒಲೆಗೆ ಹೋದೆ.

ಕಾಯ್ದ ಕೋಲು ಹಿಡಿದು ತಿರುಗಿದರೆ ದಡದಲ್ಲಿ ದೋಣಿ ಇಲ್ಲ. ಹಾಡು ಮಾತ್ರ ಮಬ್ಬುಗತ್ತಲಲ್ಲಿ ನೀರಿನ ಮೇಲಿಂದ ತೇಲಿ ಬರುತ್ತಿತ್ತು. ಅದು ಹೇಗೆ ಕೇಳಿಸುತ್ತದೆ ನೋಡೋಣವೆಂದು ಯಮನೂರಪ್ಪ ಅಕ್ಕತಂಗಿಯರನ್ನು ಹತ್ತಿಸಿಕೊಂಡು ಹೊರಟುಬಿಟ್ಟಿದ್ದ.

"ಅಯ್ಯ ತಮ್ಮಾ, ಅಂವ ಹಳೇ ಊರ ಮ್ಯಾಲ ಹೊಂಟಾನಲ್ಲೋ!" ಹಾಡು ಬರುವ ದಿಕ್ಕು ಹಿಡಿದು ಹುಲಿಗೆವ್ವ ಒಲೆ ಬಿಟ್ಟು ಎದ್ದಳು. "ನೀರು ಇಳದಾವ. ಗ್ವಾಡಿ, ಕಲ್ಲು ಎಲ್ಲಾ ಮ್ಯಾಲ ಬಂದಾವ."

ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರು ಅದು. ಹರಿಗೋಲಿಗೆ ಮೊಳಕಾಲುದ್ದ ನೀರು ಸಾಕು. ಆ ಗೋಡೆಗಳ ಮೇಲೆ ಸಾವಿರ ಸಲ ತೇಲಿ ಹೋಗಿದ್ದ ಯಮನೂರಪ್ಪನಿಗೆ, ಈ ದೋಣಿಯ ತಳ ಆಳಕ್ಕಿದೆ, ಅದರ ಕೆಳಗೆ ಫ್ಯಾನು ಬೇರೆ ತಿರುಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಆ ವೇಗದಲ್ಲಿ ಕಲ್ಲಿಗೆ ಬಡಿದರೆ ದೋಣಿ ಮಗುಚುತ್ತದೆ. ಅಕ್ಕತಂಗಿಯರಿಬ್ಬರಿಗೂ ಈಜು ಬಾರದು. ತೇಲುವ ಜಾಕೀಟುಗಳು ನನ್ನೆದುರಿಗೆ ಶೆಡ್ಡಿನ ಮೊಳೆಗಳಲ್ಲಿ ಅಚ್ಚುಕಟ್ಟಾಗಿ ನೇತಾಡುತ್ತಿದ್ದವು.

ದಡದ ಸೆಟ್ಟಿನ ಗುಂಡಿ ಒತ್ತಿ, "ನಿಲ್ಲಸೋ! ನಿಲ್ಲಸೋ!" ಎಂದು ಕಿರುಚಿದೆ. ಕಿರುಚುವಾಗಲೇ ಗೊತ್ತಿತ್ತು, ಆ ಮಾತು ಹೋಗಿ ನಿಲ್ಲುವುದು ನಾನೇ ಸುತ್ತಿದ ಟೇಪಿನಲ್ಲಿ. ಟೇಪು ಸುತ್ತುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಹೆಸರಿದೆ.

ಹಾಡು ನಿಂತಿತು. ಹಿಂದೆಯೇ ಎಂಜಿನ್ನೂ ನಿಂತಿತು. ಬಡಿದ ಸದ್ದಿಲ್ಲ, ಕೂಗಿಲ್ಲ, ನೀರಿನ ಸಪ್ಪಳವೂ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಕೈಯಲ್ಲಿದ್ದ ಕೋಲು ತಣ್ಣಗಾಗಿತ್ತು.

ಕೊನೆಗೆ ಯಮನೂರಪ್ಪ ಗಳ ಊರುತ್ತ ದೋಣಿಯನ್ನು ಮೆಲ್ಲಗೆ ದಡಕ್ಕೆ ತಂದ. ಮೂವರೂ ಇಳಿದರು. "ನನ್ನ ಧ್ವನಿ ಕೇಳ್ತೇನು?" ಎಂದೆ.

"ನಿಮ್ದಲ್ರಿ," ಎಂದಳು ಈರಮ್ಮ. "ನೀವು ಅಷ್ಟು ಮೆತ್ತಗ ಯಾವಾಗ ಮಾತಾಡೀರಿ? ಯಾರೋ ವಯಸ್ಸಾದ ಹೆಣ್ಮಗಳು."

ಉಳಿದದ್ದನ್ನು ಯಮನೂರಪ್ಪ ಹೇಳಿದ. ಹಾಡು ತಟ್ಟನೆ ಅಡಗಿ, ಎರಡೂ ಸ್ಪೀಕರುಗಳಿಂದ ಮಾತು ಬಂತಂತೆ: "ಹೊಸ್ತಲಾ ಐತ್ಯೋ ಯಪ್ಪಾ, ತುಳೀಬ್ಯಾಡ." ಆ ಮಾತು ಕೇಳಿದೊಡನೆ ಕಾಲು ಹಿಂದೆ ತೆಗೆಯುವುದು ನಮಗೆಲ್ಲ ಎಳವೆಯ ಅಭ್ಯಾಸ, ಯೋಚಿಸುವ ಮೊದಲೇ ಅವನ ಕೈ ಎಂಜಿನ್ನು ಆರಿಸಿತ್ತು. ದೋಣಿ ತಾನಾಗಿ ತೇಲಿ ನಿಂತ ಕಡೆ ಮೂವರೂ ಬಗ್ಗಿ ನೋಡಿದರೆ, ದೋಣಿಯ ಮೂತಿಯ ಮುಂದೆಯೇ ಗೇಣು ನೀರಿನ ಕೆಳಗೆ ಮುರಿದ ಬಾಗಿಲ ಕಂಬಗಳ ಬುಡ, ನಡುವೆ ಉದ್ದಕ್ಕೆ ಹೊಸ್ತಿಲ ಕಲ್ಲು. ತಂಗಿ ಅದಕ್ಕೆ ಕೈಮುಗಿದಳಂತೆ.

ಅದು ಯಾರ ಮನೆ ಇರಬಹುದೆಂದು ಹುಲಿಗೆವ್ವನನ್ನು ಕೇಳಿದೆ. "ಯಾರ್ದಂತ ಹೇಳ್ಲೋ? ಊರಾಗ ಎಲ್ಲಾರ ಮನಿಗೂ ಹೊಸ್ತಲಾ ಇರ್ತಿದ್ವು," ಎಂದು ಚಹಾ ಸೋಸತೊಡಗಿದಳು.

ಬ್ಯಾಟರಿ ದೀಪ ಹಿಡಿದು ದೋಣಿ ಹತ್ತಿದೆ. ಎರಡೂ ತುದಿಗಳ ಟೇಪು ನಾನು ಸುತ್ತಿದ ಹಾಗೆಯೇ ಇತ್ತು. ಸ್ವಿಚ್ಚು ಹಾಡಿನ ಕಡೆಗೇ ಇತ್ತು. ಈರಮ್ಮನನ್ನು ದಡದ ಸೆಟ್ಟಿನ ಮುಂದೆ ಕೂರಿಸಿ ಮಾತಾಡಿಸಿದೆ. ದೋಣಿಯ ಸ್ಪೀಕರುಗಳಲ್ಲಿ ಗೊರಗೊರ ಸಹ ಇಲ್ಲ. ಸೆಟ್ಟು ದೂರದ ಯಾರದೋ ಮಾತನ್ನು ಹಿಡಿದಿರಬಹುದು ಎನ್ನುತ್ತೀರಿ. ಹಿಡಿದರೂ ಅದು ಸ್ಪೀಕರಿಗೆ ಹೋಗಲು ದಾರಿ ಇರಲಿಲ್ಲ. ಆ ದಾರಿ ಮಾಡಬೇಕಾದವನು ನಾನು, ನಾನಿನ್ನೂ ಮಾಡಿರಲಿಲ್ಲ. ಮೂವರಿಗೂ ಏಕಕಾಲಕ್ಕೆ ಭ್ರಮೆಯಾಯಿತು ಎಂದೂ ಹೇಳಿಕೊಂಡು ನೋಡಿದ್ದೇನೆ. ಹಗಲಿನಲ್ಲಿ ಅದನ್ನು ಒಪ್ಪುತ್ತೇನೆ. ಅಂಗಡಿ ಮುಚ್ಚುವಾಗ ಮಾತ್ರ, ಪ್ಲಗ್ಗು ಕಿತ್ತಿಟ್ಟ ಸೆಟ್ಟುಗಳ ಸಾಲಿನ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಯಾಕೆಂದು ಈರಮ್ಮನಿಗೂ ಹೇಳಿಲ್ಲ.

ಮರುದಿನ ಹೋಗಿ ಆ ಎರಡು ವಾಯರುಗಳನ್ನು ಬೆಸೆದು ಬಂದೆ. ಯಮನೂರಪ್ಪ ಈಗ ಹಳೇ ಊರಿನ ಮೇಲೆ ಹೋಗದೆ ಸುತ್ತುಬಳಸಿ ದೋಣಿ ಒಯ್ಯುತ್ತಾನೆ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.