ಅರಿಶಿಣ ಸಾರಿನಲ್ಲೇ ಇರಲಿ

ತಂಗಿಯ ಗೃಹಪ್ರವೇಶಕ್ಕೆ ಹೊರಡಲೆಂದು ಕಳೆದ ವಾರ ಹಳೆಯ ಸೂಟ್‌ಕೇಸ್ ಇಳಿಸಿದೆ. ಅದರ ಒಳಜೇಬಿನಲ್ಲಿ ಕಾಗದದ ಅಳತೆಪಟ್ಟಿಯೊಂದು ಸಿಕ್ಕಿತು. ಅಂಚು ಮುದುಡಿದೆ, ಮೂಲೆಯಲ್ಲಿ ಅರಿಶಿಣದ ಬೆರಳಚ್ಚು. ಗಾಯ ಅಳೆಯುವ ಪಟ್ಟಿ ಅದು. ಕೊಟ್ಟವರು ನೆನಪಾಗಿ ಒಬ್ಬಳೇ ನಕ್ಕುಬಿಟ್ಟೆ...

ಹತ್ತು ವರ್ಷದ ಹಿಂದಿನ ಮಾತು. ಗಂಡನ ಕೆಲಸಕ್ಕಾಗಿ ನಾವು ಸ್ವೀಡನ್ನಿನ ಓರೆಬ್ರೂಗೆ ಬಂದು ಎರಡನೇ ಚಳಿಗಾಲ. ಅಪೆಂಡಿಕ್ಸ್ ಒಡೆದು ನನಗೆ ಆಪರೇಷನ್ ಆಯಿತು, ಹೊಲಿಗೆ ಕೀವುಗಟ್ಟಿತು. ಗಾಯ ಒಳಗಿನಿಂದ ತುಂಬಿಕೊಂಡು ಬರಲೆಂದು ಡಾಕ್ಟರು ಅದನ್ನು ತೆರೆದೇ ಬಿಟ್ಟು ಮನೆಗೆ ಕಳಿಸಿದರು. ಆರು ವಾರಕ್ಕೆ ಸರಿಯಾಗಿ ಧಾರವಾಡದಲ್ಲಿ ತಂಗಿಯ ಮದುವೆ. ಗಾಯ ಮಾಯುವ ಲಕ್ಷಣ ಕಾಣದೆ ವಿಮಾನ ಹತ್ತುವಂತಿಲ್ಲ ಎಂದಿದ್ದರು. ಇರುವುದು ಒಬ್ಬಳೇ ತಂಗಿ. ಮಲಗಿದಲ್ಲೇ ಅತ್ತಿದ್ದೆ.

ಮರುದಿನ ಬೆಳಿಗ್ಗೆಯಿಂದ ಕೊಮ್ಯೂನಿನ, ಅಂದರೆ ಇಲ್ಲಿನ ನಗರಸಭೆಯ, ನರ್ಸ್ ಮನೆಗೇ ಬರತೊಡಗಿದರು. ಅರವತ್ತರ ಆಸುಪಾಸು. ಹಿಮದಲ್ಲೂ ಸೈಕಲ್. ಬಾಗಿಲಲ್ಲಿ ಬೂಟು ಕಳಚಿ, ತಾವೇ ಹೆಣೆದ ಕಾಲುಚೀಲದಲ್ಲಿ ಒಳಗೆ ಬರುತ್ತಿದ್ದರು, ಒಂದು ಕೆಂಪು, ಒಂದು ಹಸಿರು. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಅವ್ವನ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ನಮ್ಮೂರ ಆಸ್ಪತ್ರೆಯ ಅಭ್ಯಾಸದಂತೆ "ಸಿಸ್ಟರ್" ಎಂದೆ. ಅವರು ಜೋರಾಗಿ ನಕ್ಕರು.

"ನನ್ನನ್ನು ಹಾಗೆ ಕರೆಯುವವರೆಲ್ಲ ತೊಂಬತ್ತು ದಾಟಿದವರು. ನಿನಗೆಷ್ಟು ವಯಸ್ಸು?"

ಮೂರನೇ ದಿನವೇ ನನಗೆ ಅವರ ಮೇಲೆ ಸಿಟ್ಟು ಬಂತು. ಕೈಗೆ ಗ್ಲೌಸ್ ಕೊಟ್ಟು, ಪುಟ್ಟ ಕನ್ನಡಿ ಹಿಡಿಸಿ, ಇವತ್ತು ನೀನೇ ತೊಳೆ ಎಂದರು. ನರ್ಸ್ ಎದುರಿಗೆ ಕುಳಿತಿರುವಾಗ ರೋಗಿಯೇ ಗಾಯ ತೊಳೆಯುವುದೆಂದರೇನು? ಸೇವೆ ಮಾಡಲು ಬಂದವರೋ, ಪರೀಕ್ಷೆ ತೆಗೆದುಕೊಳ್ಳಲು ಬಂದವರೋ? ನನ್ನ ಮುಖ ಊದಿದ್ದು ಕಂಡರೂ ಅವರು ಕೈ ಕಟ್ಟಿಕೊಂಡೇ ಕುಳಿತರು. ಕಣ್ಣು ಮುಚ್ಚಿ ತೊಳೆದೆ. "ಕಣ್ಣು ಬಿಟ್ಟು," ಎಂದರು. ಕಣ್ಣು ಬಿಟ್ಟು ತೊಳೆದೆ. ವಾರಕ್ಕೊಮ್ಮೆ ಕಾಗದದ ಪಟ್ಟಿ ಇಟ್ಟು ಅಳೆಯುವರು. ಆರು ಸೆಂಟಿಮೀಟರ್ ಇದ್ದದ್ದು ಐದಾಯಿತು, ನಾಲ್ಕಾಯಿತು.

ನನಗೋ ಅವಸರ. ಸ್ಕೈಪಿನಲ್ಲಿ ಅವ್ವನಿಗೆ ನನಗಿಂತ ಅವಸರ.

"ಇನ್ನೂ ಮಾಯ್ದಿಲ್ಲೇನವಾ? ಅವರ ಔಷಧ ಅವರು ಮಾಡ್ಲಿ. ನೀ ಒಂದ್ ಚಿಟಿಕಿ ಅರಿಶಿಣ ಹಚ್ಚು. ಹಾಲಿನ್ಯಾಗ ಕುಡಿತೀವಿ, ಗಾಯಕ್ಕ ಹಚ್ಚಿದ್ರ ಏನಾಗ್ತದ?"

ಹಚ್ಚಿದೆ. ಒಂದು ಚಿಟಿಕೆಯಲ್ಲ, ಮದುವೆ ಹತ್ತಿರವಿದ್ದುದರಿಂದ ಎರಡು.

ಮರುದಿನ ಸಿಸ್ಟರ್ ಬ್ಯಾಂಡೇಜ್ ಬಿಚ್ಚಿದವರು ಹಾಗೇ ನಿಂತರು. ಹತ್ತಿಯೆಲ್ಲ ಹಳದಿ, ಸುತ್ತಲ ಚರ್ಮವೂ ಹಳದಿ. ಮೂಸಿ ನೋಡಿದರು. ಅವರ ಮುಖ ಅಷ್ಟು ಗಂಭೀರವಾದದ್ದನ್ನು ನಾನು ಕಂಡಿರಲಿಲ್ಲ. ಡಾಕ್ಟರಿಗೆ ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡರು. ಸೋಂಕು ಎಂದು ಬರೆದರೆ ಮದುವೆ ಕೈತಪ್ಪಿದಂತೆಯೇ. ಬಾಯಿ ಬಿಟ್ಟರೆ ಬಣ್ಣಗೇಡು, ಆದರೂ ಬಿಟ್ಟೆ. ಅಡುಗೆಮನೆಯಿಂದ ಡಬ್ಬಿ ತಂದು ತೋರಿಸಿದೆ.

ಅವರು ಡಬ್ಬಿಯನ್ನೂ ನನ್ನನ್ನೂ ಒಮ್ಮೆ ನೋಡಿದರು.

"ಇದನ್ನು ಬೇರೆ ಎಲ್ಲಿ ಹಾಕುತ್ತೀಯ?"

"ಸಾರಿಗೆ..."

"ಹಾಗಾದರೆ ಸಾರಿನಲ್ಲೇ ಇರಲಿ."

ಅಷ್ಟು ಹೇಳಿ, ತಡೆಯಲಾಗದೆ ನಕ್ಕರು. ಹೊಟ್ಟೆ ಹಿಡಿದುಕೊಂಡು ನಾನೂ ನಕ್ಕೆ. ಆದರೂ ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿಯೇ ಹೋದರು. ಗಾಯ ಕೆಂಪಾಗಿ, ಮಾಯುವುದು ಒಂದು ವಾರ ಹಿಂದೆ ಬಿತ್ತು. ಆ ವಾರವೆಲ್ಲ ನನ್ನಿಂದಲೇ ತೊಳೆಸಿ, ನನ್ನಿಂದಲೇ ಕಟ್ಟಿಸಿದರು. ಹೊರಡಲು ಮೂರು ದಿನ ಇರುವಾಗ ಡಾಕ್ಟರ ಫೋನು ಬಂತು. ಸಿಸ್ಟರ್ ನನ್ನೆದುರಿಗೇ ಹೇಳಿದರು: "ಇನ್ನೂ ಒಂದು ಸೆಂಟಿಮೀಟರ್ ಇದೆ. ಆದರೆ ಇವಳು ನನ್ನಷ್ಟೇ ಚೆನ್ನಾಗಿ ಕಟ್ಟುತ್ತಾಳೆ. ಹೋಗಲಿ."

ಅವರು ಕೈ ಕಟ್ಟಿ ಕುಳಿತದ್ದು ಏಕೆಂದು ನನಗೆ ತಿಳಿದದ್ದು ಆಗ. ಅಪ್ಪಿಕೊಂಡುಬಿಟ್ಟೆ. ಅವರು ಚೀಲದಿಂದ ಹೊಸ ಅಳತೆಪಟ್ಟಿ ತೆಗೆದು ನನ್ನ ಕೈಗಿಟ್ಟರು.

ಮದುವೆಮನೆಯಲ್ಲಿ ದಿನಾ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಾನೇ ಕಟ್ಟಿಕೊಂಡೆ. ನನ್ನ ಗಾಯ ನಾನೇ ನೋಡಿಕೊಳ್ಳುವುದು ಕೇಳಿ ಚಿಕ್ಕಮ್ಮಂದಿರು ಮೂಗಿನ ಮೇಲೆ ಬೆರಳಿಟ್ಟರು. ಅರಿಶಿಣ ಶಾಸ್ತ್ರದ ದಿನ ತಂಗಿಗೆ ಹಚ್ಚಿದ ಕೈಗಳೆಲ್ಲ ನನ್ನತ್ತ ತಿರುಗಿದವು. ಅವ್ವನ ಕೈಯಂತೂ ನೇರ ಹೊಟ್ಟೆಯತ್ತಲೇ ಬಂತು.

"ಬ್ಯಾಡವಾ, ಸಾರಿನ್ಯಾಗ ಇರ್ಲಿ!" ಎಂದು ಕೂಗಿ ಓಡಿದೆ. ಅವ್ವನಿಗೆ ಒಂದೂ ಅರ್ಥವಾಗಲಿಲ್ಲ. ಅಂದು ನಾನು ನಕ್ಕಷ್ಟು ಮದುಮಗಳೂ ನಗಲಿಲ್ಲ. ಬೆರಳಿಗಂಟಿದ್ದ ಅರಿಶಿಣ ಒರೆಸದೆಯೇ ಸಂಜೆ ಪಟ್ಟಿ ಹಿಡಿದು ಅಳೆದೆ. ಅಳೆಯುವಷ್ಟು ಏನೂ ಉಳಿದಿರಲಿಲ್ಲ.

ವಾಪಸು ಬಂದಾಗ ಧಾರವಾಡ ಪೇಢೆ ತಂದಿದ್ದೆ. ರೋಗಿಗಳಿಂದ ಉಡುಗೊರೆ ಪಡೆಯುವಂತಿಲ್ಲ ಎಂದು ಸಿಸ್ಟರ್ ಡಬ್ಬಿ ಹಿಂದಕ್ಕೆ ತಳ್ಳಿದರು. ನಾನು ಕಾಫಿ ಮಾಡಿ, ಪೇಢೆಯನ್ನು ತಟ್ಟೆಗೆ ಸುರಿದು ಮುಂದಿಟ್ಟೆ. ಅವರು ಒಂದು ಕ್ಷಣ ಯೋಚಿಸಿ, "ಕಾಫಿ ಜೊತೆ ಇರುವುದು ಫೀಕಾ, ಕಾಫಿ ಹೊತ್ತಿನ ತಿಂಡಿ, ಉಡುಗೊರೆಯಲ್ಲ," ಎಂದು ತೀರ್ಪು ಕೊಟ್ಟು ನಾಲ್ಕು ತಿಂದರು. ಹೋಗುವಾಗ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ಹೇಳಿದರು: "ನಾಳೆಯಿಂದ ನಾನು ಬರುವುದಿಲ್ಲ. ನಮ್ಮ ಕೆಲಸದಲ್ಲಿ ಅದೇ ಒಳ್ಳೆಯ ಸುದ್ದಿ."

ಒಳ್ಳೆಯ ಸುದ್ದಿಯೇ. ಆದರೂ ಮರುದಿನ ಆ ಹೊತ್ತಿಗೆ ಕಿಟಕಿಯಲ್ಲಿ ನಿಂತು ಸೈಕಲ್ ಹುಡುಕಿದೆ...

ಆಮೇಲೆ ಅಂಗಡಿಯಲ್ಲೋ ಬಸ್‌ಸ್ಟಾಪಿನಲ್ಲೋ ಸಿಕ್ಕಾಗಲೆಲ್ಲ "ಸಾರು ಹೇಗಿದೆ?" ಎಂದೇ ಕೇಳುತ್ತಿದ್ದರು. ಒಂದು ದಿನ ಬಂದು ಉಣ್ಣಿ ಎನ್ನುತ್ತಿದ್ದೆ. ಆ ದಿನ ಗೊತ್ತುಮಾಡಲೇ ಇಲ್ಲ. ಎರಡು ವರ್ಷದ ಹಿಂದೆ ಇಲ್ಲಿನ ಪತ್ರಿಕೆಯ ನಿಧನವಾರ್ತೆಯಲ್ಲಿ ಅವರ ಫೋಟೋ ನೋಡಿದೆ. ಕೆಳಗೆ ಹೆಸರಿತ್ತು. ಮೊದಲ ಸಲ ಆ ಹೆಸರನ್ನು ಬಾಯಿಬಿಟ್ಟು ಓದಿದೆ. ಯಾರದೋ ಹೆಸರೆನಿಸಿತು. ಇನ್ನು ಬರುವುದಿಲ್ಲ ಎಂಬುದು ಆ ಸಲ ಒಳ್ಳೆಯ ಸುದ್ದಿಯಾಗಿರಲಿಲ್ಲ.

ಪಟ್ಟಿಯನ್ನು ಮತ್ತೆ ಸೂಟ್‌ಕೇಸಿನ ಜೇಬಿನಲ್ಲೇ ಇಟ್ಟೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಂದು ಚಿಟಿಕೆ ಅರಿಶಿಣ ಹಾಕಿ, "ಸಿಸ್ಟರ್, ಸಾರು ಚೆನ್ನಾಗಿದೆ," ಎಂದೆ.