ಲಿಫ್ಟಿನಲ್ಲಿ ಮಡಿ

ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ಅಂಬಾಬಾಯಿಯ ಅಡುಗೆಮನೆಯಿಂದ ಬಾವಿಗೆ ಅಂಗಳ ದಾಟಿದರೆ ಸಾಕಿತ್ತು. ವಾಡೆ ಕೆಡವಿ ಏಳು ಮಹಡಿ ಎಬ್ಬಿಸಿದ ಬಿಲ್ಡರು ಬಾವಿಯನ್ನು ಉಳಿಸಿದ. ಲಿಫ್ಟಿಗೆ ಹಾಕಿಸುತ್ತೇನೆಂದಿದ್ದ ಜನರೇಟರನ್ನು ಮಾತ್ರ ಹಾಕಿಸಲಿಲ್ಲ. ಏಳನೆಯ ಮಹಡಿಗೆ ಹೋದರೂ ಅಂಬಾಬಾಯಿ ಮಡಿ ಬಿಡಲಿಲ್ಲ.

2005ರ ಬೇಸಿಗೆ. ಮಾವನ ಶ್ರಾದ್ಧದ ಅಡುಗೆಗೆ ನೀರು ಸಾಲಲಿಲ್ಲ. ಮಗ, ಸೊಸೆ ಭಟ್ಟರನ್ನು ಕರೆತರಲು ಹೋಗಿದ್ದರು. ವಡೆಯ ಎಣ್ಣೆಯಡಿ ಉರಿ ಸಣ್ಣದು ಮಾಡಿ, ತೊಟ್ಟಿಲಲ್ಲಿ ಮಲಗಿದ್ದ ಮೊಮ್ಮಗನನ್ನು ಬಿಟ್ಟು, ಕೀಲಿ ಹಾಕಿಕೊಂಡು ಬಾವಿಯ ನೀರಿಗೆ ಕೆಳಗಿಳಿದಳು. ತುಂಬಿದ ಕೊಡದೊಂದಿಗೆ ಕೆಳಗೆ ಲಿಫ್ಟು ಹತ್ತಿದಾಗ, ಆರನೆಯ ಮಹಡಿಯಲ್ಲಿರುವ ನೀತಾಳೂ ಒಳಗೆ ಕಾಲಿಟ್ಟಳು.

"ಮುಟ್ಟೀಯ! ಆಮ್ಯಾಲ ಬಾ."

"ಲಿಫ್ಟಿಗೂ ಮಡಿ ಉಡಿಸೀರೇನ್ರಿ ಕಾಕು?" ನೀತಾ ನಗುತ್ತ ಮೆಟ್ಟಿಲು ಹತ್ತಿದಳು.

ಐದನೆಯ ಮಹಡಿ ದಾಟಿದ್ದೇ ತಡ, ಕರೆಂಟು ಹೋಗಿ ಲಿಫ್ಟು ನಡುವೆಯೇ ನಿಂತಿತು. ಅಂಬಾಬಾಯಿಯ ಕೂಗು ಕೇಳಿ ನೀತಾ ಆರನೆಯ ಮಹಡಿಯ ಸರಳುಬಾಗಿಲಿನಿಂದ ಬಗ್ಗಿದಳು.

"ಲೋಡ್‌ಶೆಡ್ಡಿಂಗ್‌ರಿ. ಎರಡು ತಾಸು ಬರೂದಿಲ್ಲ."

"ಒಲಿ ಮ್ಯಾಲ ಎಣ್ಣಿ ಅದ. ಕೂಸೊಂದ ಒಳಗದ!"

"ಕೀಲಿಕೈ ಕೊಡ್ರಿ!"

ಮಡಿಯಿಲ್ಲದವರು ಕಾಲಿಟ್ಟರೆ ಶ್ರಾದ್ಧದ ಅಡುಗೆಯೆಲ್ಲ ಕೆಟ್ಟಂತೆ. ಅಂಬಾಬಾಯಿ ಸೊಂಟದ ಕೀಲಿಕೈ ಬಿಚ್ಚಿ ಸರಳಿನ ಸಂದಿಯಿಂದ ಮೇಲಕ್ಕೆ ಚಾಚಿದಳು.

"ಅಡಗಿಮನಿಗೆ ಹೋಗ್ಲೇನ್ರಿ?"

"ಕೇಳಕೋತ ನಿಂತೀಯಲ್ಲ, ಓಡು!"

ಚಪ್ಪಲಿಯ ಸದ್ದು ಮೇಲೇರಿ ನಿಂತಿತು. ಕತ್ತಲಲ್ಲಿ ಸುಟ್ಟ ಎಣ್ಣೆಯ ವಾಸನೆ ಇಳಿದುಬಂತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮಗುವಿನ ಅಳು.

"ಆರಿಸೀನ್ರಿ ಕಾಕು! ಹೊಗಿ ತುಂಬಿತ್ತು. ಕೂಸು ನನ್ನ ಕಡೆ ಅದ, ಅಳೂದು ನಿಲ್ಲಿಸವಲ್ದು."

"ಹಸದದ ಅದು," ಎಂದಳು ಅಂಬಾಬಾಯಿ. "ಶ್ರಾದ್ಧಕ್ಕಂತ ತಗದಿಟ್ಟ ಹಾಲು ಅದ. ನೀನ ತಗೊಂಡು ಕುಡಿಸು."