ಯಾರೂ ಹಿಂದಕ್ಕೆ ಕರೆಯದ ಅಂಗಡಿ

ವ್ಯಾಪಾರ ಕಲಿಯುತ್ತೇನೆ ಅಂತ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಮೆಟ್ಟಿಲು ಇಳಿಯುವುದನ್ನು. ಅಂಗಡಿಯವನ ದರ ಕೇಳಬೇಕು, ನಮ್ಮ ದರ ಹೇಳಬೇಕು, ಒಪ್ಪದಿದ್ದರೆ ಸೆರಗು ಸರಿ ಮಾಡಿಕೊಂಡು ಎದ್ದು ಮೆಟ್ಟಿಲು ಇಳಿಯಬೇಕು. ಅವಸರ ಮಾಡಬಾರದು. ತಿರುಗಿ ಅಂತೂ ನೋಡಲೇಬಾರದು. ಚಪ್ಪಲಿ ಮೆಟ್ಟಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಒಂಚೂರು ಹೆಚ್ಚು ಹೊತ್ತು ತಗೊಳ್ಳಬೇಕು. ಅಷ್ಟರಲ್ಲಿ ಹಿಂದಿನಿಂದ ‘ಬರ್ರೀ ಅಕ್ಕಾರ, ಒಯ್ರಿ’ ಅಂತ ಕೂಗು ಬರುತ್ತದೆ. ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಸವಡಿ, ಯಾವಗಲ್, ಲಕ್ಕಲಕಟ್ಟಿ ಅಂತ ಓಣಿ ಓಣಿ ತಿರುಗಿ ಹಳೇ ಸೀರೆಗೆ ಸ್ಟೀಲಿನ ಪಾತ್ರೆ, ಬಾಂಡೆ ಸಾಮಾನು ಕೊಡುತ್ತಿದ್ದಾಗ ಆ ಊರುಗಳ ಹೆಂಗಸರು ಇದನ್ನೇ ನನ್ನ ಮೇಲೆ ಹೂಡುತ್ತಿದ್ದರು. ಸೀರೆ ಗಂಟು ಬಗಲಿಗೆ ಇರುಕಿಕೊಂಡು ಬಾಗಿಲತನಕ ಹೋಗಿ ನಿಲ್ಲುತ್ತಿದ್ದರು. ನಾನು ಕರೆಯುತ್ತಿದ್ದೆ. ಅವರಿಂದಲೇ ಕಲಿತು ರೋಣದ ಪ್ಯಾಟಿಯಲ್ಲಿ ಸ್ವಂತ ಬಾಂಡೆ ಅಂಗಡಿ ಹಾಕಿದೆ. ಈ ವಿದ್ಯೆ ಎಲ್ಲ ಅಂಗಡಿಯಲ್ಲೂ ನಡೆಯುತ್ತದೆ ಅಂತಲೇ ತಿಳಿದಿದ್ದೆ.

ನನ್ನ ತಂಗಿ ಗಜೇಂದ್ರಗಡದಲ್ಲಿದ್ದಾಳೆ. ಅವಳೂ ಅವಳ ಗಂಡನೂ ಮನೆಯಲ್ಲೇ ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಾರೆ. ಅವರ ಒಬ್ಬಳೇ ಮಗಳಿಗೆ ನರಗುಂದದ ಹುಡುಗ ಗೊತ್ತಾದ. ಪಂಪ್‌ಸೆಟ್ಟಿನ ಮೋಟಾರ್ ರಿಪೇರಿ ಮಾಡುವ ಹುಡುಗ, ಕೈಯಲ್ಲಿ ಕೆಲಸ ಇದೆ, ಬಾಯಲ್ಲಿ ಮಾತು ಕಡಿಮೆ. ಹುಡುಗಿಗೂ ಮನಸ್ಸಿಗೆ ಬಂದಿದ್ದ. ಲಗ್ನದ ಮಾತುಕತೆಗೆ ನಮ್ಮ ಕಡೆಯಿಂದ ಮುಂದೆ ಕೂತವಳು ನಾನೇ. ಎದುರಿಗೆ ಹುಡುಗನ ತಾಯಿ, ನಮ್ಮ ಬೀಗತಿ. ಆಕೆಯೂ ಸಾಮಾನ್ಯದವಳಲ್ಲ, ಸಂತೆಯಲ್ಲಿ ಮೆಣಸಿನಕಾಯಿ ಮಾರಿ ಮನೆ ಕಟ್ಟಿಸಿದವಳು.

ನಮ್ಮಲ್ಲಿ ಬಂಗಾರದ ಮಾತು ರೂಪಾಯಿಯಲ್ಲಿ ಆಗುವುದಿಲ್ಲ, ತೊಲಿಯಲ್ಲಿ ಆಗುತ್ತದೆ. ‘ನೀವ ಹುಡುಗಿ ಮೈಮ್ಯಾಲ ಎಷ್ಟ ಹಾಕ್ತೀರೋ ನಾವೂ ಅಷ್ಟ ಹಾಕ್ತೀವಿ’ ಅಂದೆ. ಆಕೆ ಐದು ತೊಲಿ ಅಂದಳು, ನಾನು ಎರಡು ಅಂದೆ, ಮೂರಕ್ಕೆ ನಿಂತಿತು. ಅವರು ತಾಳಿಸರ, ಜುಮಕಿ. ನಾವು ಕೈಗೆ ಪಾಟ್ಲಿ, ಕೊರಳಿಗೆ ಬೋರಮಾಳ. ಸಕ್ಕರೆ ಹಂಚಿದರು. ಗೆದ್ದೆ ಅಂದುಕೊಂಡು ಬಸ್ಸು ಹತ್ತಿದೆ. ತೂಕಕ್ಕೆ ಮಾತು ಕೊಟ್ಟರೆ ದರದ ಭಾರವೆಲ್ಲ ಮಾತು ಕೊಟ್ಟವರ ಮೇಲೆ ಬೀಳುತ್ತದೆ ಅನ್ನುವುದು ಅವತ್ತು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುವಾರ ತಂಗಿಯನ್ನು ಕರಕೊಂಡು ರೋಣದ ಅಕ್ಕಸಾಲಿಗ ಪತ್ತಾರರ ಅಂಗಡಿಗೆ ಹೋದೆ. ಅವರು ಫೋನು ನೋಡಿ ದರ ಹೇಳಿದರು. ಮಾತುಕತೆ ಆದಾಗ ಇದ್ದದ್ದಕ್ಕಿಂತ ಮೇಲಕ್ಕೇರಿತ್ತು.

‘ಪತ್ತಾರ್ರ, ನಾವೇನ ಹೊಸಬರೇನ್ರಿ? ಸರಿಯಾಗಿ ಹೇಳ್ರಿ.’

‘ಅಕ್ಕಾರ, ದರ ನಾ ಹಾಕೂದಲ್ರಿ. ಇದು ಹಾಕತೈತಿ,’ ಅಂತ ಫೋನು ತೋರಿಸಿದರು.

ನಾನು ಎದ್ದೆ. ತಂಗಿ ಗಾಬರಿಯಾಗಿ ಮುಖ ನೋಡಿದಳು. ಕೈ ಹಿಡಿದು ಎಬ್ಬಿಸಿಕೊಂಡು ಮೆಟ್ಟಿಲು ಇಳಿದೆ. ಚಪ್ಪಲಿ ಮೆಟ್ಟಿದೆ. ಒಂದು ಚಪ್ಪಲಿ ತೆಗೆದು ಧೂಳು ಕೊಡವಿ ಮತ್ತೆ ಮೆಟ್ಟಿದೆ. ಹಿಂದಿನಿಂದ ಯಾರೂ ಕರೆಯಲಿಲ್ಲ. ಪತ್ತಾರರು ಆಗಲೇ ಮುಂದಿನ ಗಿರಾಕಿಗೆ ಉಂಗುರ ತೋರಿಸುತ್ತಿದ್ದರು.

‘ಇಳೀತೈತಿ, ತಡೀ,’ ಅಂದೆ ತಂಗಿಗೆ. ಅವಳು ತಲೆ ಆಡಿಸಿದಳು. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ತಿಂಗಳ ಮೇಲೆ ತಿಂಗಳು ಹೋದರೂ ದರ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಫೋನಿನಲ್ಲಿ ದರ ನೋಡುವುದು ಶುರುವಾಯಿತು. ನೋಡಿದ ಮೇಲೆ ಚಹಾ ಸೇರುತ್ತಿರಲಿಲ್ಲ. ಎದುರಿನ ಚಹಾದಂಗಡಿಯ ಟೀವಿಯಲ್ಲಿ ಎಲ್ಲೋ ಯುದ್ಧ ಅಂತ ತೋರಿಸಿದರೆ ಇಲ್ಲಿ ನಾನು ಗಿರಾಕಿ ಬಿಟ್ಟು ಮತ್ತೆ ಫೋನು ತೆಗೆಯುತ್ತಿದ್ದೆ. ಅಮೆರಿಕಾದವರು ಹೊರಗಿನ ಮಾಲಿನ ಮೇಲೆ ಸುಂಕ ಏರಿಸಿದರು ಅಂದರೂ ಬಂಗಾರ ಏರಿತು, ಬಡ್ಡಿ ಇಳಿಸುತ್ತಾರಂತೆ ಅಂದರೂ ಏರಿತು. ದೇಶ ದೇಶದ ದೊಡ್ಡ ಬ್ಯಾಂಕುಗಳೇ ಬಂಗಾರ ಕೊಂಡು ರಾಶಿ ಹಾಕುತ್ತಿವೆಯಂತೆ. ಇಂಥ ಗಿರಾಕಿಗಳು ಇದ್ದಾಗ ಗಜೇಂದ್ರಗಡದ ನೇಕಾರರ ಹುಡುಗಿಯ ಎರಡು ಪಾಟ್ಲಿಗಾಗಿ ಮೆಟ್ಟಿಲು ಇಳಿದ ನನ್ನನ್ನು ಯಾರು ಕರೀಬೇಕು? ಬ್ಯಾಂಕಿನಲ್ಲಿಟ್ಟ ತಂಗಿಯ ರೊಕ್ಕ ಅಷ್ಟೇ ಇತ್ತು, ಆದರೆ ಅದರಲ್ಲಿ ಹಿಡಿಯುವ ಬಂಗಾರ ದಿನಾ ಸಣ್ಣದಾಗುತ್ತಿತ್ತು. ಮೂರು ತೊಲಿಗೆ ಇಟ್ಟ ರೊಕ್ಕದಲ್ಲಿ ಎರಡೂ ಪೂರ್ತಿ ಬರದ ಹಾಗಾಯಿತು.

ಒಂದು ಭಾನುವಾರ ಗಜೇಂದ್ರಗಡಕ್ಕೆ ಹೋದೆ. ತಂಗಿಯ ಗಂಡ ಮಗ್ಗ ನಿಲ್ಲಿಸಿ ಫೋನು ಹಿಡಿದು ಕೂತಿದ್ದ.

‘ಅಕ್ಕಾರ, ಬೆಳ್ಳಿ ನೋಡ್ರಿ. ಬಂಗಾರಕ್ಕಿಂತ ಜೋರ ಓಡಾಕತ್ತೈತಿ. ಇದ್ದ ರೊಕ್ಕ ಇದಕ್ಕ ಹಾಕಿ ಲಗೂ ತಗದ್ರ, ಕಡಿಮಿ ಬಿದ್ದದ್ದ ಕೂಡಿ ಬರ್ತೈತಿ.’

‘ಆ ಬೆಳ್ಳಿ ಎಲ್ಲಿ ಇಡ್ತೀಯೋ ತಮ್ಮಾ?’

‘ಇಡೂದಿಲ್ರಿ. ಫೋನಿನ್ಯಾಗ ಇರತೈತಿ. ಪೂರಾ ರೊಕ್ಕ ಕೊಡೂದೂ ಬ್ಯಾಡ. ಸ್ವಲ್ಪ ಕಟ್ಟಿದ್ರ ದೊಡ್ಡ ಗಟ್ಟಿ ನಮ್ಮ ಹೆಸರಿಗೆ.’

‘ಇಳದ್ರ?’

ಅವನು ಮಗ್ಗದ ಕಡೆ ನೋಡಿದ. ‘ಬೆಳ್ಳಿ ಕೊಟ್ಟವರು ಇನ್ನಷ್ಟ ಕಟ್ಟ ಅಂತಾರ್ರಿ. ಕಟ್ಟಲಿಲ್ಲಂದ್ರ ಅವರ ಮಾರಿ ಬಿಡ್ತಾರ.’

‘ಅಂದ್ರ ಲಗ್ನದ ರೊಕ್ಕಾನೂ ಹೋಗತೈತಿ.’

‘ನೀವ ತಡೀ ಅಂದ್ರಿ, ತಡದ್ವಿ. ಏನಾತು?’ ಅಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

‘ನರಗುಂದದವರ ಜೋಡಿ ನಾ ಮಾತಾಡ್ತೀನಿ. ಅಲ್ಲೀತನಕ ಆ ರೊಕ್ಕ ಮುಟ್ಟಬ್ಯಾಡ,’ ಅಂದೆ. ಅವನು ಫೋನು ಪಕ್ಕಕ್ಕಿಟ್ಟು ಲಾಳಿ ಕೈಗೆ ತಗೊಂಡ.

ಹೊರಡುವಾಗ ಹುಡುಗಿ ಬಸ್‌ಸ್ಟ್ಯಾಂಡಿನತನಕ ಬಂದಳು. ‘ದೊಡ್ಡವ್ವಾ, ನರಗುಂದದಿಂದ ನಿನಗ ಫೋನ್ ಬಂದಿತ್ತೇನ?’

‘ಯಾಕವ್ವಾ?’

‘ಮೊದಲ ಅವರು ನನ್ನ ಜೋಡಿ ತಾಸಗಟ್ಲೆ ಮಾತಾಡ್ತಿದ್ರು. ಈಗ ಊಟ ಆತೇನ ಅಂತ ಕೇಳಿ ಇಟ್ಟಬಿಡ್ತಾರ.’

ಬಸ್ಸಿನಲ್ಲಿ ಅದೊಂದೇ ಮಾತು ತಲೆಯಲ್ಲಿ ತಿರುಗಿತು. ಅವರು ಬೇರೆ ಹುಡುಗಿ ನೋಡುತ್ತಿದ್ದಾರೆಯೇ? ನಮ್ಮ ಕೈ ಬಿಗಿಯಾಗಿದೆ ಅಂತ ಯಾರಾದರೂ ಚಾಡಿ ಹೇಳಿದರೇ? ನಾನೇ ಫೋನು ಮಾಡಿ ‘ಬಂಗಾರ ಕಡಿಮೆ ಮಾಡ್ರಿ’ ಅಂದರೆ ಮುಗಿಯಿತು. ಮೊದಲು ಬಾಯಿ ಬಿಟ್ಟವರ ಕೈ ಕೆಳಗೆ ಅನ್ನುವುದು ಇಷ್ಟು ವರ್ಷ ನಾನು ಉಂಡ ಅನ್ನ. ಆ ಕಡೆಯಿಂದಲೂ ಒಂದು ಮಾತಿಲ್ಲ. ಮೂರು ಸಲ ನಂಬರು ಒತ್ತಿ ಮೂರು ಸಲವೂ ರಿಂಗಾಗುವ ಮೊದಲೇ ಕತ್ತರಿಸಿದೆ.

ಮರುದಿನ ಮಧ್ಯಾಹ್ನ ನರಗುಂದದ ಬಸ್ಸು ಬಂದ ಹೊತ್ತಿಗೆ ಬೀಗತಿ ನನ್ನ ಅಂಗಡಿಯ ಮುಂದೆ ನಿಂತಿದ್ದಳು. ಮಾತು ಮುರಿಯುವುದಕ್ಕೆ ಬಂದಿದ್ದಾಳೆ ಅಂದುಕೊಂಡೆ.

‘ಈಕಡೆ ಕೆಲಸಿತ್ತು, ಬಂದ್ನಿ,’ ಅಂತ ಕೂತಳು. ಚಹಾ ತರಿಸಿದೆ. ನಮ್ಮವರು ಅರಾಮ, ನಿಮ್ಮವರು ಅರಾಮ, ಬಿಸಿಲು ಭಾಳ. ಆಮೇಲೆ ಎದ್ದು ಒಂದು ನೀರಿನ ಕೊಡ ಎತ್ತಿ ಬಡಿದು ನೋಡಿದಳು.

‘ಇದಕ್ಕೆಷ್ಟ್ರಿ?’

ಹೇಳಿದೆ.

‘ಅಯ್ಯ, ಬೀಗರಿಗೂ ಇದ ರೇಟೇನ್ರಿ? ಇಷ್ಟು ತೆಳ್ಳಗೈತಿ, ಗಟ್ಟಿ ಹಿಡದ್ರ ಕೈಯಾಗ ಬರ್ತೈತಿ.’

‘ನಿಮ್ಮ ಹಿಡಿತಕ್ಕ ಕಬ್ಬಿಣಾನೂ ತಡಿಯಂಗಿಲ್ಲ ಬೀಗತಿಯವರ, ಕೊಡದ ತಪ್ಪೇನೈತಿ?’

ನಕ್ಕಳು. ಅರ್ಧ ದರ ಕೇಳಿದಳು. ನಾನು ಇಳಿಯಲಿಲ್ಲ. ಆಕೆ ಕೊಡ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು ಮೆಟ್ಟಿಲು ಇಳಿದಳು. ಒಂದು ಚಪ್ಪಲಿ ಮೆಟ್ಟಿದಳು. ಇನ್ನೊಂದನ್ನು ಕಾಲಿನಿಂದಲೇ ಸರಿಸುತ್ತ, ಬೆರಳು ತೂರಿಸುತ್ತ, ತೆಗೆಯುತ್ತ ನಿಂತಳು. ಬೆನ್ನು ನನ್ನ ಕಡೆ.

ಆ ಬೆನ್ನು ನೋಡುತ್ತಿದ್ದಂತೆ ನನಗೆ ತಿಳಿಯಿತು. ಒಂದು ಕೊಡಕ್ಕಾಗಿ ನರಗುಂದದಿಂದ ಬಿಸಿಲಲ್ಲಿ ಯಾರೂ ಬಸ್ಸು ಹತ್ತುವುದಿಲ್ಲ. ಈಕೆ ಹೋಗುತ್ತಿಲ್ಲ, ಕರೆಯಲಿ ಅಂತ ನಿಂತಿದ್ದಾಳೆ. ನಾನು ಕರೆಯದಿದ್ದರೆ ಆ ಚಪ್ಪಲಿ ಮೆಟ್ಟಿಕೊಂಡು ಹೋಗಿಯೇ ಬಿಡುತ್ತಾಳೆ; ಅವಳಿಗೂ ಮರ್ಯಾದೆ ಇದೆ. ಹೋದರೆ ಹುಡುಗಿಯ ಲಗ್ನ ಅವಳ ಹಿಂದೆಯೇ ಹೋಗುತ್ತದೆ.

‘ಬರ್ರೀ ಬೀಗತಿಯವರ,’ ಅಂದೆ. ‘ಕೊಡ ಆಮ್ಯಾಲ ನೋಡೂಣು. ಮೂರು ತೊಲಿ ನಮ್ಮ ಕೈಲಿ ಆಗವಲ್ದು.’

ಆಕೆ ತಿರುಗಿದಳು. ಚಪ್ಪಲಿ ಅಲ್ಲೇ ಬಿಟ್ಟು ಮೇಲೆ ಬಂದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

‘ಯವ್ವಾ, ಇದನ್ನ ಹೇಳಾಕ ನಾ ಬಂದದ್ದು. ನಮ್ಮ ಕೈಲೂ ಆಗವಲ್ದು. ಬಾಯಿ ಬರವಲ್ದಾಗಿತ್ತು. ನೀವ ಏನ ತಿಳ್ಕೋತೀರೋ, ಹುಡುಗಿ ಕೊಡಂಗಿಲ್ಲ ಅಂತೀರೋ ಅಂತ ರಾತ್ರಿ ಕಣ್ಣಿಗೆ ಕಣ್ಣ ಹತ್ತಿಲ್ಲ ನೋಡ್ರಿ.’

‘ಹುಡುಗ ಯಾಕ ಸರಿ ಮಾತಾಡವಲ್ಲ ನಮ್ಮ ಹುಡುಗಿ ಜೋಡಿ?’

‘ನಾನ ಹೇಳೀನಿ. ಮಾತಿಗೆ ಮಾತ ಬೆಳದು ಬಂಗಾರದ ಸುದ್ದಿ ಬಾಯಿ ಜಾರಿದ್ರ? ಊಟ ಆತೇನ ಅಂತ ಕೇಳಿ ಇಟ್ಟಬಿಡ ಅಂತ ನಾನ ಕಲಿಸೀನಿ.’

ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಗು ಬರಬೇಕಿತ್ತು, ಬರಲಿಲ್ಲ. ನಾನು ಒಂದೂವರೆ ತೊಲಿ ಅಂದೆ, ಆಕೆ ಮಂದಿ ಏನಂತಾರೆ ಅಂದಳು. ‘ಮಂದಿ ಮನ್ಯಾಗೂ ಲಗ್ನ ಅದಾವ್ರಿ. ಅವರೂ ಫೋನ್ ನೋಡ್ತಾರ,’ ಅಂದೆ. ಎರಡೂ ಕಡೆ ಒಂದೂವರೆಗೆ ನಿಂತಿತು. ಇಂದೇ ಕೊಂಡುಬಿಡುವುದು ಅಂತಲೂ ಆಯಿತು. ನಾಳೆಗೆ ಬಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ತಂಗಿಯ ಗಂಡನಿಗೆ ಫೋನು ಮಾಡಿದೆ. ‘ರೊಕ್ಕ ಮುಟ್ಟಿಲ್ಲ ಹೌದಲ್ಲೋ?’

ಆ ಕಡೆ ಮಗ್ಗದ ಸದ್ದು ನಿಂತಿತು.

‘ಬೆಳ್ಳಿಗೆ ಖಾತಿ ಅಷ್ಟ ತಗದೀನ್ರಿ. ರೊಕ್ಕ ಇನ್ನಾ ಹಾಕಿಲ್ಲ. ಇವತ್ತ ಸಂಜಿಗೆ ಹಾಕೂದಿತ್ತು.’

‘ಈಗಿಂದೀಗ ಪತ್ತಾರರಿಗೆ ಕಳಸು,’ ಅಂದೆ. ಬೀಗತಿಯೂ ಮಗನಿಗೆ ಫೋನು ಮಾಡಿ ಅದನ್ನೇ ಹೇಳಿದಳು.

ಪತ್ತಾರರ ಅಂಗಡಿಯಲ್ಲಿ ಬೀಗತಿ, ನಾನು ಅಕ್ಕಪಕ್ಕ ಕೂತೆವು. ಅವರು ಫೋನು ನೋಡಿದರು. ‘ಇವತ್ತ ಸ್ವಲ್ಪ ಇಳದೈತ್ರಿ.’

ಏರಿದಾಗ ಇಲ್ಲದ ಭಯ ಆಗ ಹಿಡಿಯಿತು. ಇಳಿಯಿತು ಅಂದರೆ ನಾಳೆ ಇನ್ನೂ ಇಳಿಯಬಹುದಲ್ಲ? ಈಗ ಕೊಂಡು ಸಂಜೆಗೆ ಧಡ್ಡನೆ ಬಿದ್ದರೆ ತಂಗಿಯ ಗಂಡನಿಗೆ ಯಾವ ಮುಖ ತೋರಿಸಲಿ? ನನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದೆ. ಕೈ ಸೆರಗು ಸರಿ ಮಾಡುತ್ತಿತ್ತು.

ಬೀಗತಿ ಆ ಸೆರಗನ್ನೇ ಹಿಡಿದು ಜಗ್ಗಿದಳು. ‘ಎಲ್ಲಿಗ್ರೀ? ಇಲ್ಲೆ ನಿಮ್ಮನ್ನ ಯಾರ ಕರೀತಾರ? ಅಮೆರಿಕಾದವರ ಬರ್ತಾರೇನ ಕರ್ಯಾಕ? ಕುಂಡ್ರಿ.’

ಕೂತೆ. ದರಕ್ಕೆ ಬಾಯಿ ಹಾಕಲಿಲ್ಲ. ಒಡವೆ ಮಾಡುವ ಮಜೂರಿಗೆ ಮಾತ್ರ ಇಬ್ಬರೂ ಸೇರಿ ಪತ್ತಾರರನ್ನು ಹಿಡಿದೆವು. ಎರಡು ಮನೆಯ ಒಡವೆ ಒಂದೇ ಅಂಗಡಿಗೆ, ಒಂದೇ ದಿನ. ಅವರು ಕೈ ಮುಗಿದು ಬಿಟ್ಟುಕೊಟ್ಟರು. ಬಂಗಾರ ಕೊಳ್ಳುವವರಿಗೆ ನಾನು ಈಗ ಇಷ್ಟೇ ಹೇಳುತ್ತೇನೆ: ಲಗ್ನದ ಮಾತನ್ನು ತೊಲಿಯಲ್ಲಿ ಆಡಬೇಡಿ, ಕೈಲಿರುವ ರೊಕ್ಕದಲ್ಲಿ ಆಡಿ. ತೊಲಿಯಲ್ಲೇ ಆಡಿದ್ದಾದರೆ ಅದೇ ವಾರ ಕೊಂಡುಬಿಡಿ. ಮಜೂರಿಗೆ ಬಿಟ್ಟು ಬೇರೆ ಯಾವುದಕ್ಕೂ ಮೆಟ್ಟಿಲು ಇಳಿಯಬೇಡಿ.

ಕೊಡವನ್ನು ಬೀಗತಿ ಒಯ್ದಳು, ತಾನು ಕೇಳಿದ ಅರ್ಧ ದರಕ್ಕೇ. ಅವತ್ತು ರಾತ್ರಿ ಹುಡುಗಿಯ ಫೋನು ಗಂಟೆಗಟ್ಟಲೆ ಬ್ಯುಸಿ ಇತ್ತು ಅಂತ ತಂಗಿ ಬೈದುಕೊಂಡಳು.

ಲಗ್ನ ಬರುವ ತಿಂಗಳು. ಬೋರಮಾಳ ಬಿಟ್ಟು ಪಾಟ್ಲಿ ಅಷ್ಟೇ ಕೊಂಡೆವು, ತಂಗಿಯ ಟ್ರಂಕಿನಲ್ಲಿವೆ. ಕೊಳ್ಳುವುದು ಏನೂ ಉಳಿದಿಲ್ಲ, ಆದರೂ ಬೆಳಿಗ್ಗೆ ಎದ್ದರೆ ಕೈ ಫೋನಿಗೇ ಹೋಗುತ್ತದೆ. ಬೆಳ್ಳಿ ಅದಾದ ಮೇಲೆ ಏರಿತು, ಬಿತ್ತು, ಮತ್ತೆ ಏರಿತು. ಬಿದ್ದ ದಿನ ತಂಗಿಯ ಗಂಡ ‘ಅಕ್ಕಾರ, ಉಳಿಸಿದ್ರಿ’ ಅಂತ ಫೋನು ಮಾಡುತ್ತಾನೆ. ಏರಿದ ದಿನ ಮಾಡುವುದಿಲ್ಲ. ಈ ವಾರ ಪೂರ್ತಿ ಮಾಡಿಲ್ಲ.